ಮನೆಯ ಉಸಿರು

ಹಸಿ ಮರದ ಹೊಟ್ಟಿನ ವಾಸನೆ ಎಲ್ಲಾದರೂ ಮೂಗಿಗೆ ಬಡಿದರೆ ಸಾಕು, ವಾರಿಜಮ್ಮನಿಗೆ ಈಗಲೂ ಡಿಸೆಂಬರಿನ ಮುಂಜಾವು ನೆನಪಾಗುತ್ತದೆ. ಅವರ ತಂದೆ ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದರು. ಶಾಲೆಯ ಹಿಂದೆಯೇ ಒಂದು ಸಾಮಿಲ್ಲು. ಕಬಡ್ಡಿ ಪಂದ್ಯವಿದೆಯೆಂದರೆ ಸಾಮಿಲ್ಲಿನವರು ಕೇಳುವ ಮೊದಲೇ ಗಾಡಿ ತುಂಬ ಹೊಟ್ಟು ಕಳಿಸುತ್ತಿದ್ದರು. ಮೇಷ್ಟ್ರು ಅದಕ್ಕೆ ನೀರು ಚಿಮುಕಿಸಿ, ಇರುವೆ ಬರದಿರಲೆಂದು ಬೇವಿನೆಣ್ಣೆ ಬೆರೆಸಿ, ಕೆಮ್ಮಣ್ಣಿನ ಅಂಕಣದ ಮೇಲೆ ಕೈಯಾರೆ ಹರಡುತ್ತಿದ್ದರು. ತೇಗದ ಸಿಹಿ, ಬೇವಿನ ಘಾಟು, ಒದ್ದೆ ಮಣ್ಣು ಮೂರೂ ಕೂಡಿದ ಆ ವಾಸನೆಯ ಹಿಂದೆ ಪುಟ್ಟ ವಾರಿಜಾ ಬುಟ್ಟಿ ಹಿಡಿದು ಓಡಾಡುತ್ತಿದ್ದಳು. "ಆಟ ಅಂದ್ಮೇಲೆ ಬೀಳೋದು ಇದ್ದದ್ದೇ ಮಗು. ಬಿದ್ದೋನಿಗೆ ನೆಲ ಕೊಂಚ ಮೆತ್ತಗಿರಬೇಕು, ಅಷ್ಟೆ" ಎನ್ನುತ್ತಿದ್ದರು ಅಪ್ಪ.

ಈಗ ನೆಲ ಬೇಕಾದಷ್ಟು ಮೆತ್ತಗಿದೆ. ಆಡುವವರು ಗಟ್ಟಿಯಾಗಿಬಿಟ್ಟಿದ್ದಾರೆ. ದಕ್ಷಿಣ ಲೀಗಿನ ತಂಡಗಳಲ್ಲಿ ಹುಡುಗರ ಮೈಯನ್ನು ಯಂತ್ರಗಳೇ ತಿದ್ದಿ ತೀಡತೊಡಗಿದ ಮೇಲೆ ಒಬ್ಬೊಬ್ಬ ಡಿಫೆಂಡರನೂ ಹೋರಿಯ ತೂಕದವನು, ಚಿರತೆಯ ವೇಗದವನು. ಅಂಥ ಇಬ್ಬರು ಎರಡು ಕಡೆಯಿಂದ ನುಗ್ಗಿ ಬಂದು ರೈಡರನನ್ನು ಅಪ್ಪಳಿಸಿದರೆ ಜನ ಎದ್ದು ನಿಂತು ಕೇಕೆ ಹಾಕುತ್ತಾರೆ. ಕೇಕೆ ನಿಂತ ಮೇಲೆ ಆ ಹುಡುಗನ ತಲೆಯೊಳಗೆ ಏನಾಯಿತೆಂದು ಯಾರಿಗೂ ಕಾಣುವುದಿಲ್ಲ. ಸ್ಕ್ಯಾನಿನಲ್ಲೂ ಎಷ್ಟೋ ಸಲ ಕಾಣುವುದಿಲ್ಲ.

ಮಾತು ಮತ್ತು ದನಿಯ ವಿಜ್ಞಾನವನ್ನು ಜೀವನವಿಡೀ ಕಲಿಸಿ ನಿವೃತ್ತರಾದ ವಾರಿಜಮ್ಮನಿಗೆ, ಟಿವಿಯ ಮುಂದೆ ಬಟಾಣಿ ಸುಲಿಯುತ್ತ ಕೂತಿದ್ದ ಒಂದು ಸಂಜೆ ಒಂದು ಪ್ರಶ್ನೆ ಹೊಳೆಯಿತು. ರೈಡರ್ ಎದುರಾಳಿಯ ಅಂಕಣಕ್ಕೆ ಕಾಲಿಟ್ಟರೆ ಹಿಂದಿರುಗುವವರೆಗೂ ಒಂದೇ ಉಸಿರಿನಲ್ಲಿ 'ಕಬಡ್ಡಿ ಕಬಡ್ಡಿ' ಎನ್ನುತ್ತಲೇ ಇರಬೇಕು. ಪೆಟ್ಟು ತಿಂದ ಮಿದುಳು ಆ ಉಸಿರಿನಲ್ಲೇ ಸಿಕ್ಕಿಬೀಳುವುದಾದರೆ?

ನಾಲಿಗೆ, ತುಟಿ, ಗಂಟಲು, ಹೊಟ್ಟೆಯ ಸ್ನಾಯು ಇವೆಲ್ಲ ಒಂದೇ ತಾಳಕ್ಕೆ ಕುಣಿದರೆ ಮಾತ್ರ ಕಬಡ್ಡಿ ಎಂಬ ಮಾತು ಹೊರಡುತ್ತದೆ. ತಾಳ ಹಾಕುವುದು ಮಿದುಳಿನ ಆಳದ ಒಂದು ಸಣ್ಣ ಭಾಗ. ನಡಿಗೆಯಿಂದ ನೆಂಟರನ್ನು ದೂರದಿಂದಲೇ ಗುರುತಿಸುವಂತೆ ಈ ತಾಳದಿಂದ ಮನುಷ್ಯನನ್ನು ಗುರುತಿಸಬಹುದು. ತಲೆಗೆ ಪೆಟ್ಟು ಬಿದ್ದಾಗ ತಾಳ ಕೂದಲೆಳೆಯಷ್ಟು ಹಿಗ್ಗುತ್ತದೆ, ಅಳುಕುತ್ತದೆ. ಗ್ಯಾಲರಿಯಲ್ಲಿ ಕೂತವರಿಗೆ ತಿಳಿಯುವುದಿಲ್ಲ. ವಾರಿಜಮ್ಮ ರೂಪಿಸಿದ, ಕಿವಿಯ ಹಿಂದಿನ ಮೂಳೆಗೆ ಅಂಟಿಸುವ, ಹುಣಸೆಬೀಜದಷ್ಟು ಗಾತ್ರದ ಒಂದು ಬಿಲ್ಲೆಗೆ ತಿಳಿಯುತ್ತದೆ. ಸೀಸನ್ನಿನ ಆರಂಭದಲ್ಲಿ ಪ್ರತಿ ಆಟಗಾರನೂ ಆರೋಗ್ಯವಾಗಿದ್ದಾಗ ಹೇಳಿದ ಕಬಡ್ಡಿಯನ್ನು ಬಿಲ್ಲೆ ನೆನಪಿಟ್ಟುಕೊಂಡಿರುತ್ತದೆ. ಅದನ್ನು ಅವರು 'ಮೂಲ ಉಸಿರು' ಎಂದು ಕರೆದರು. ಪಂದ್ಯದಲ್ಲಿ ಉಸಿರು ಅದಕ್ಕೆ ಹೊಂದಿದರೆ ಅಂಪೈರನ ಕೈಪಟ್ಟಿಯಲ್ಲಿ ಹಸಿರು ದೀಪ. ತಪ್ಪಿದರೆ ಕೆಂಪು. ಕೆಂಪು ಬಂದವನು ಮೂರು ವಾರ ಆಡುವಂತಿಲ್ಲ, ಅವನ ಬದಲಿಗೆ ತಂಡ ಇನ್ನೊಬ್ಬನನ್ನು ಇಳಿಸಬಹುದು.

ಲೀಗ್ ಈ ನಿಯಮವನ್ನು ಒಂದು ಸೀಸನ್ನಿನ ಮಟ್ಟಿಗೆ ಪರೀಕ್ಷೆಗೆಂದು ಒಪ್ಪಿತ್ತು. ಜಗಳಕ್ಕೇನು ಕೊರತೆ? "ಮುಟ್ಟಿದ್ರೆ ಮುನಿ ಥರ ಆಡ್ಕೊಂಡು ಕೂತ್ಕೋಬೇಕಾ?" ಎಂದರು ಟಿವಿಯಲ್ಲಿ ಚರ್ಚೆಗೆ ಕೂರುವ ಹಳೆಯ ಆಟಗಾರರು. "ಕಬಡ್ಡಿ ಹೇಳೋದು ರೈಡರ್ ಮಾತ್ರ. ನಮ್ ತಲೆ ಏನ್ ತೆಂಗಿನ್‌ಕಾಯಾ?" ಎಂದು ಡಿಫೆಂಡರುಗಳು ಕೇಳಿದರು. ಕೇಳಿದ್ದು ನ್ಯಾಯವಾಗಿತ್ತು. ಡಿಕ್ಕಿಯಾದ ಮೇಲೆ ಅವರೂ ಬೆಂಚಿನ ಪಕ್ಕ ನಿಂತು ಒಂದುಸಿರು ಕಬಡ್ಡಿ ಹೇಳುವುದೆಂದಾಯಿತು. ಬಿಲ್ಲೆಗೆ ಹುಡುಗರು 'ಅಜ್ಜಿ' ಎಂದು ಹೆಸರಿಟ್ಟರು. "ಅಜ್ಜಿ ಬೈದ್ಲಾ?" "ಇಲ್ಲ ಕಣ್ಲಾ, ಸುಮ್ನವ್ಳೆ" ಎಂಬ ಮಾತು ಡ್ರೆಸ್ಸಿಂಗ್ ರೂಮಿನಲ್ಲಿ ಮಾಮೂಲಾಯಿತು. ನಿಜವಾದ ಅಜ್ಜಿ ಯಾರೆಂದು ವಾರಿಜಮ್ಮನಿಗೆ ಗೊತ್ತಿತ್ತು. ಅವರು ಅದನ್ನು ಪ್ರೀತಿಯೆಂದೇ ತೆಗೆದುಕೊಂಡಿದ್ದರು.

ಸೆಮಿಫೈನಲ್ಲಿನ ಸಂಜೆ ಮೈಸೂರಿನ ಒಳಾಂಗಣ ತುಂಬಿತುಳುಕುತ್ತಿತ್ತು. ಗ್ಯಾಲರಿಯ ಕೆಳಗಿನ ನಿಯಂತ್ರಣ ಕೊಠಡಿಯಲ್ಲಿ ವಾರಿಜಮ್ಮನೂ ಅವರ ಸಹಾಯಕಿ ನಸೀಮಾಳೂ ಪರದೆಗಳ ಮುಂದೆ ಕೂತಿದ್ದರು. ಏಸಿಯ ತಂಪಿಗೆ ವಾರಿಜಮ್ಮನ ಭುಜ ನಡುಗುವುದನ್ನು ಕಂಡ ನಸೀಮಾ ತನ್ನ ದುಪಟ್ಟಾವನ್ನು ಅವರ ಹೆಗಲಿಗೆ ಹೊದಿಸಿದಳು.

ಕಾವೇರಿ ಕಲಿಗಳು ತಂಡದ ನಂಜೇಶ ರೈಡಿಗೆ ಹೋಗಿದ್ದ. ಮಂಡ್ಯ ಕಡೆಯ ಹುಡುಗ. ತೆಳ್ಳಗೆ, ಬಳ್ಳಿಯಂತೆ ಬಾಗುವವನು. ಮೂಲೆಯಿಂದ ಒಬ್ಬ, ನಡುವಿನಿಂದ ಇನ್ನೊಬ್ಬ ಒಟ್ಟಿಗೆ ನುಗ್ಗಿದರು. ಒಬ್ಬನ ಮಂಡಿ ಸೀದಾ ಅವನ ಕಪಾಲಕ್ಕೆ ಬಡಿಯಿತು. ಆ ಸದ್ದು ಮೈಕಿನಲ್ಲಿ ತೆಂಗಿನಮಟ್ಟೆ ಬಿದ್ದಂತೆ ಕೇಳಿಸಿತು. ನಂಜೇಶ ಬಿದ್ದ, ಎದ್ದ, ಒಂದು ಹೆಜ್ಜೆ ಎದುರಾಳಿಯ ಬೆಂಚಿನ ಕಡೆ ಇಟ್ಟ, ನಕ್ಕು ತಿರುಗಿದ. ತಂಡದ ವೈದ್ಯರು ಹೆಸರು, ಊರು, ಸ್ಕೋರು ಕೇಳಿದರು. ಎಲ್ಲಕ್ಕೂ ಉತ್ತರ ಕೊಟ್ಟ. ಮತ್ತೆ ಅಂಕಣಕ್ಕೆ ಮರಳಿ ರೈಡಿಗೆ ಇಳಿದಾಗ ವಾರಿಜಮ್ಮ ಕುರ್ಚಿಯನ್ನು ಮುಂದೆಳೆದುಕೊಂಡು ಪರದೆ ನೋಡಿದರು.

ಹಸಿರು.

"ಹಸಿರು ಮ್ಯಾಮ್!" ಎಂದು ನಸೀಮಾ ಚಪ್ಪಾಳೆ ತಟ್ಟಿದಳು. ನಂಜೇಶ ಒಂದೇ ರೈಡಿನಲ್ಲಿ ಮೂವರನ್ನು ಮುಟ್ಟಿ ಬಂದ. ಕಲಿಗಳು ಫೈನಲ್ ತಲುಪಿದರು. ದೇವರು ದೊಡ್ಡವನು ಎಂದುಕೊಂಡು ವಾರಿಜಮ್ಮ ಮನೆಗೆ ಹೋಗಿ ಮಲಗಿದರು. ಆದರೆ ಎದುರಾಳಿಯ ಬೆಂಚಿನ ಕಡೆ ಇಟ್ಟ ಆ ಒಂದು ಹೆಜ್ಜೆ ಕಣ್ಣಿಂದ ಹೋಗಲಿಲ್ಲ.

ಬೆಳಿಗ್ಗೆ ಕಾಫಿ ಕುಡಿಯುತ್ತಿರುವಾಗಲೇ ಫೋನ್ ಬಂತು. "ಮೇಡಮ್ಮೋರೆ, ನಾನು ಚಂದ್ರಕಲಾ, ನಂಜೇಶನ ಹೆಂಡ್ತಿ. ಅವರು ಟೀಮಿನ ಮಾಲೀಸಿಗೆ ಹೋಗವ್ರೆ. ಬರೋದ್ರೊಳ್ಗೆ ನೀವೊಂದ್ಸಲ ನಮ್ ಮನೆಗೆ ಬಂದೋಗಕಾಯ್ತದಾ?"

ಕೆಸರೆಯ ಒಂದು ಓಣಿಯಲ್ಲಿ ಮೊದಲ ಮಹಡಿಯ ಮನೆ. ಆಟೋದವನು ಇಳಿಯಲು ಕೈಕೊಟ್ಟಿದ್ದಲ್ಲದೆ ಮೆಟ್ಟಿಲವರೆಗೂ ಬಂದು "ನಿಧಾನ ಅಮ್ಮ" ಎಂದು ಹೇಳಿ ಹೋದ. ಒಳಗೆ ಕಿಟಕಿಗಳಿಗೆಲ್ಲ ಬೆಡ್‌ಶೀಟು ಕಟ್ಟಿ ಕತ್ತಲೆ ಮಾಡಿದ್ದರು.

"ಬೆಳಕು ಕಂಡ್ರೆ ಆಯ್ತಿಲ್ಲ ಅಂತಾರೆ. ಕುಕ್ಕರ್ ವಿಷಲ್ಲಿಗೆ ಕಿವಿ ಮುಚ್ಕೊಂಡು ಬಚ್ಚಲ್ಗೆ ಹೋಗ್ಬುಟ್ರು" ಎಂದಳು ಚಂದ್ರಕಲಾ. ಅವಳ ಕಣ್ಣುಗಳು ನಿದ್ದೆಯಿಲ್ಲದೆ ಕೆಂಪಾಗಿದ್ದವು. "ಅದೆಲ್ಲ ಇರ್ಲಿ ಮೇಡಮ್ಮೋರೆ. ಈ ಮಗಿಗೆ ದಿನಾ ಬೆಳಿಗ್ಗೆ ಅವ್ರೇ ತಿಂಡಿ ತಿನ್ಸೋದು. ಸುತ್ತ ಕಬಡ್ಡಿ ಹೇಳ್ಕೊಂಡು ಓಡ್ತಾರೆ, ಮೂಗು ಮುಟ್ತಾರೆ, ಮುಟ್ಟುದ್ರೆ ಒಂದು ತುತ್ತು ನುಂಗ್ಬೇಕು. ಇವತ್ತು ಇವ್ಳು ಬಾಯಿ ಬಿಡ್ಲೇ ಇಲ್ಲ."

ಮೂರು ವರ್ಷದ ಇಂಚರ ತಾಯಿಯ ಸೆರಗಿನ ಹಿಂದಿನಿಂದ ಇಣುಕಿದಳು. "ಅಪ್ಪ ಸರ್ಯಾಗ್ ಹೇಳ್ನಿಲ್ಲ" ಎಂದಳು, ದೊಡ್ಡವರ ತಪ್ಪು ಹಿಡಿದ ಗತ್ತಿನಲ್ಲಿ.

ವಾರಿಜಮ್ಮ ಮಗುವಿನ ಕಡೆ ಬಗ್ಗಿದರು. ಬಿಲ್ಲೆಗೆ ಕೇಳಿಸದ್ದು ಈ ಮಗುವಿಗೆ ಕೇಳಿಸಿತೇ? "ಆದ್ರೆ ದೀಪ ಹಸಿರು ಬಂತಲ್ಲಮ್ಮ" ಎಂದರು.

ಚಂದ್ರಕಲಾ ತಲೆ ತಗ್ಗಿಸಿದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಮೊದ್ಲು ನೀವು ಎಲ್ಲಾರ ಉಸ್ರು ರೆಕಾರ್ಡ್ ಮಾಡ್ಕೊಂಡ್ರಲ್ಲ, ಅವತ್ತು ನಾಲ್ಗೆ ಅಡೀಲಿ ಕಲ್ಲುಸಕ್ರೆ ಇಟ್ಕೊಂಡಿದ್ರಂತೆ. ಟೀಮಿನೋರೆಲ್ಲಾನೂ. ಮೊದ್ಲೇ ತೊದ್ಲುದ್ರೆ, ಆಮೇಕೆ ಏಟು ಬಿದ್ದು ತೊದ್ಲುದ್ರೂ ಅಜ್ಜಿಗೆ ಗೊತ್ತಾಗಲ್ಲ ಅಂತ."

ವಾರಿಜಮ್ಮ ಕುರ್ಚಿಗೆ ಒರಗಿದರು. ಆ ದಿನ ಅವರಿಗೆ ಚೆನ್ನಾಗಿ ನೆನಪಿತ್ತು. ಇದೇ ನಂಜೇಶ ಹತ್ತಿರ ಬಂದು, ಕಾಗದದ ಪೊಟ್ಟಣ ಬಿಚ್ಚಿ, "ತಗಳಿ ಅಮ್ಮ, ಬೆಳಿಗ್ಗೆಯಿಂದ ಮಾತಾಡಿ ಗಂಟ್ಲು ಒಣಗಿರ್ತದೆ" ಎಂದು ಒಂದು ಹರಳು ಕಲ್ಲುಸಕ್ಕರೆ ಕೊಟ್ಟಿದ್ದ. ಎಂಥ ಒಳ್ಳೆಯ ಹುಡುಗನೆಂದು ಅವರು ಮನೆಗೆ ಬಂದು ತಂಗಿಗೆ ಫೋನಿನಲ್ಲಿ ಹೇಳಿಕೊಂಡಿದ್ದರು. ಈಗ ನಗು ತಡೆಯಲಾಗಲಿಲ್ಲ. ಮೋಸಕ್ಕೆಂದು ತಂದದ್ದರಲ್ಲೂ ಮುದುಕಿಯ ಗಂಟಲನ್ನು ನೆನೆದಿದ್ದನಲ್ಲ, ಅದೇನು ಸುಳ್ಳೇ?

ನಗು ಬೇಗ ಆರಿತು. "ಚಂದ್ರಕಲಾ, ಮುಚ್ಚಿಡದೆ ಹೇಳ್ತೀನಿ. ಒಂದು ಪೆಟ್ಟು ವಾಸಿಯಾಗುತ್ತೆ. ಅದು ಮಾಯೋ ಮೊದಲೇ ಇನ್ನೊಂದು ಬಿದ್ರೆ ಮಿದುಳು ಊದಿಕೊಂಡುಬಿಡಬಹುದು. ಹುಡುಗ ಅಂಕಣದಿಂದ ಏಳದೇ ಹೋಗಬಹುದು. ಈಗ ಹೊಸದಾಗಿ ಉಸಿರು ತಗೊಂಡ್ರೆ ಪೆಟ್ಟಾದ ಉಸಿರೇ ಸಿಗುತ್ತೆ. ಚೆನ್ನಾಗಿದ್ದಾಗಿನ ಉಸಿರು ಬೇಕು, ಸಕ್ಕರೆ ಇಲ್ಲದ್ದು."

ಚಂದ್ರಕಲಾ ಫೋನು ತೆಗೆದು ಒಂದು ವಿಡಿಯೊ ತೋರಿಸಿದಳು. ಕಾರಂಜಿ ಕೆರೆಯ ದಡ. ಇಂಚರ ಕಲ್ಲುಬೆಂಚಿನ ಮೇಲೆ ಕೂತಿದ್ದಾಳೆ, ತೊಡೆಯ ಮೇಲೆ ಚಿತ್ರಾನ್ನದ ಡಬ್ಬಿ. ನಂಜೇಶ ಸುತ್ತಲೂ ಕಬಡ್ಡಿ ಹೇಳುತ್ತ ಸುತ್ತುತ್ತಿದ್ದಾನೆ, ದನಿ ಗಡಿಯಾರದಂತೆ ಸಮ. "ಹೋದ ಭಾನ್ವಾರದ್ದು. ಇದಾಯ್ತದಾ?" ಎಂದಳು. ಕಳಿಸುವ ಮೊದಲು ಅವಳ ಬೆರಳು ಒಂದು ಕ್ಷಣ ನಿಂತಿತು. "ಫೈನಲ್ ಅಂದ್ರೆ ಅವ್ರಿಗೆ ಪ್ರಾಣ. ನಾನು ಕೊಟ್ಟೆ ಅಂತ ಗೊತ್ತಾದ್ರೆ ಜನ್ಮದಲ್ಲಿ ನನ್ನ ಮುಖ ನೋಡಲ್ಲ ಮೇಡಮ್ಮೋರೆ."

ಆಮೇಲೆ ಒತ್ತಿದಳು.

ಪ್ರಯೋಗಾಲಯದಲ್ಲಿ ನಸೀಮಾ ವಿಡಿಯೊದ ದನಿಯನ್ನು ಬೇರ್ಪಡಿಸಿ, ಹಕ್ಕಿಯ ಕೂಗು, ಮಗುವಿನ ನಗು ಎಲ್ಲ ತೆಗೆದು, ಬರಿಯ ತಾಳವನ್ನು ಉಳಿಸಿಕೊಂಡಳು. ಸೆಮಿಫೈನಲ್ಲಿನ ಕೊನೆಯ ರೈಡುಗಳನ್ನು ಅದರ ಪಕ್ಕ ಇಟ್ಟಳು. ಪರದೆ ಒಂದೇ ಸಲಕ್ಕೆ ಕುಂಕುಮ ಚೆಲ್ಲಿದಂತೆ ಕೆಂಪಾಯಿತು. ನಸೀಮಾ ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಮ್ಯಾಮ್, ಇಂಥಾ ಕೆಂಪು ಇಡೀ ಸೀಸನ್ನಲ್ಲಿ ನೋಡಿಲ್ಲ ನಾವು."

ಮಧ್ಯಾಹ್ನ ಲೀಗಿನ ಸುರಕ್ಷತಾ ಸಮಿತಿ ಸೇರಿತು. ಅಧ್ಯಕ್ಷರು ಅಂಕಯ್ಯ, ಹಿಂದೆ ಹೆಸರಾಂತ ಡಿಫೆಂಡರಾಗಿದ್ದವರು, ಎರಡು ಬೆರಳು ಇಂದಿಗೂ ಸೊಟ್ಟ. ಕಲಿಗಳ ಕೋಚ್ ಮರಿಗೌಡ ಎದ್ದು ನಿಂತೇ ಮಾತು ಶುರುಮಾಡಿದರು.

"ಸಕ್ಕರೆ ತಂದಿದ್ದು ನಾನೇ. ಅದ್ಕೆ ಏನ್ ದಂಡ ಹಾಕ್ತೀರೋ ಹಾಕಿ. ಆದ್ರೆ ನಿಯಮ ಏನ್ ಹೇಳ್ತದೆ? ಸಮಿತಿ ತಗೊಂಡ ಉಸ್ರೇ ಮೂಲ ಉಸ್ರು. ಅದ್ರ ಪ್ರಕಾರ ಹಸಿರು. ಮನೇಲಿ ಮಗಿಗೆ ಅನ್ನ ತಿನ್ನಿಸ್ಕೊಂಡು ಹೇಳ್ದ ಕಬಡ್ಡಿನ ತಂದು ಇಲ್ಲಿ ಲೆಕ್ಕಕ್ಕೆ ಇಟ್ರೆ, ನಾಳೆ ಎದ್ರು ಟೀಮಿನೋರು ನಮ್ ಹುಡುಗ್ರ ಮದ್ವೆ ವಿಡಿಯೊ ಹೊತ್ಕೊಂಡ್ ಬತ್ತಾರೆ. ಆಗೇನ್ ಮಾಡೀರಿ?"

ಮಾತಿನಲ್ಲಿ ಹುರುಳಿತ್ತು. ವಾರಿಜಮ್ಮ ಅದನ್ನು ಒಪ್ಪಿಕೊಂಡರು. "ಗೌಡ್ರೆ, ನೀವು ಹೇಳೋದು ಸರಿ. ನಿಯಮ ನಿಮ್ಮ ಕಡೆ ಇದೆ. ಹುಡುಗನ ತಲೆ ಇಲ್ಲ."

"ಅಮೆರಿಕದೋರು ನೋಡಿ, ತಲೆಗೆ ಹೆಲ್ಮೆಟ್ಟು, ಭುಜಕ್ಕೆ ದಿಂಬು ಕಟ್ಕೊಂಡು ಅವ್ರ ಫುಟ್ಬಾಲ್ ಆಡ್ತಾರೆ" ಎಂದರು ಅಂಕಯ್ಯ. "ಅಲ್ಲೂ ಇದೇ ಜಗಳ. ಯಾವ ಡಿಕ್ಕಿ ಸರಿ, ಯಾವುದು ತಪ್ಪು, ಯಾರ್ನ ಯಾವಾಗ ಕೂರಿಸ್ಬೇಕು ಅಂತ. ಹೆಲ್ಮೆಟ್ ಇದ್ದೋರ್ಗೇ ಬಗೆಹರೀದೇ ಇದ್ದದ್ದು, ಚಡ್ಡಿ ಬನೀನಲ್ಲಿ ಆಡೋ ನಮ್ಗೆ ಒಂದೇ ಮಧ್ಯಾಹ್ನಕ್ಕೆ ಬಗೆಹರೀತದಾ?" ಯಾರೋ ನಕ್ಕರು. ಅವರು ನಗಲಿಲ್ಲ. "ನಿಯಮದಲ್ಲಿ ಇನ್ನೊಂದು ಸಾಲಿದೆ ಗೌಡ್ರೆ. ಆಟಗಾರ ತಾನೇ ಒಪ್ಪಿದ್ರೆ ಮೂಲ ಉಸ್ರನ್ನ ಬದಲಾಯಿಸ್ಬೋದು. ಕರೀರಿ ನಂಜೇಶನ್ನ."

ನಂಜೇಶ ಕಪ್ಪು ಕನ್ನಡಕ ಹಾಕಿಕೊಂಡೇ ಬಂದ. ಬಾಗಿಲ ಬಳಿ ನಿಂತಿದ್ದ ಹೆಂಡತಿಯನ್ನು ಕಂಡು ಬೆರಗಾದ. ವಿಷಯ ಕೇಳುತ್ತ ಹೋದಂತೆ ಬೆರಗು ಗಟ್ಟಿಯಾಗಿ ಬೇರೇನೋ ಆಯಿತು.

"ನೀನಾ ಕೊಟ್ಟಿದ್ದು?" ಎಂದ.

ಚಂದ್ರಕಲಾ ಹೌದೆಂದು ತಲೆಯಾಡಿಸಿದಳು.

ಅವನು ಅವಳಿಂದ ಮುಖ ತಿರುಗಿಸಿದ. "ನಾನು ಚೆನ್ನಾಗಿವ್ನಿ ಸಾರ್. ವಸಿ ತಲೆನೋವು, ಅಷ್ಟೆ. ನಾಳೆ ಆಡ್ತೀನಿ. ಒಪ್ಪಲ್ಲ ನಾನು."

ಮರಿಗೌಡರು ಕೂತರು. ವಾದ ಮುಗಿದಂತೆಯೇ ಇತ್ತು. "ಒಪ್ಪೋದು ಬಿಡೋದು ನಿನಗೆ ಬಿಟ್ಟದ್ದಪ್ಪ. ಯಾವ ಉಸಿರು ಅನ್ನೋದನ್ನಾದ್ರೂ ನೋಡಿ ಬೇಡ ಅನ್ನು" ಎಂದು ವಾರಿಜಮ್ಮ ಪರದೆಯ ಬೆಳಕು ತಗ್ಗಿಸಿ ವಿಡಿಯೊ ಹಾಕಿಸಿದರು.

ನಂಜೇಶ ಕನ್ನಡಕ ತೆಗೆದು ನೋಡಿದ. ಮಗಳು ಕೇಕೆ ಹಾಕಿ ನಗುತ್ತಿದ್ದಳು. ಅವನ ಮುಖ ಮೊದಲು ಸಡಿಲವಾಯಿತು. ಆಮೇಲೆ ಹುಬ್ಬು ಗಂಟಾಯಿತು.

"ಇದು ಯಾವತ್ತಿಂದು?"

"ಹೋದ ಭಾನ್ವಾರ" ಎಂದಳು ಚಂದ್ರಕಲಾ ಮೆಲ್ಲಗೆ. "ಕಾರಂಜಿ ಕೆರೆಗೆ ಹೋಗಿದ್ವಲ್ಲ. ನವಿಲು ನೋಡಿ ಇವ್ಳು ಮನೆಗೆ ಕರ್ಕೊಂಡೋಗಣ ಅಂತ ಹಟ ಹಿಡುದ್ಲು. ನೀವು ಹೆಗಲ ಮೇಲೆ ಕೂರಿಸ್ಕೊಂಡ್ರಿ."

ಅವನು ಪರದೆಯನ್ನೇ ನೋಡುತ್ತಿದ್ದ. ನವಿಲನ್ನು ಹುಡುಕಿದ. ಹೆಗಲ ಮೇಲಿನ ಭಾರವನ್ನು ಹುಡುಕಿದ. ಕೈ ತಾನಾಗಿ ತನ್ನ ಭುಜದ ಮೇಲೆ ಹೋಯಿತು, ಅಲ್ಲೇನಾದರೂ ಉಳಿದಿದೆಯೇ ಎಂಬಂತೆ.

"ನಂಗೆ ನೆಪ್ಪೇ ಇಲ್ಲ" ಎಂದ. "ನಾವೋಗಿದ್ದೇ ನೆಪ್ಪಿಲ್ಲ ಸಾರ್."

ಮರಿಗೌಡರು ಎದ್ದರು. ನಿಯಮದ ಬಗ್ಗೆ ಇನ್ನೇನೋ ಹೇಳುತ್ತಾರೆಂದು ವಾರಿಜಮ್ಮ ಭಾವಿಸಿದರು. ಗೌಡರು ನೆಟ್ಟಗೆ ನಂಜೇಶನ ಬಳಿ ಹೋಗಿ, ಅವನ ಕಿವಿಯ ಹಿಂದಿನಿಂದ ಬಿಲ್ಲೆಯನ್ನು ಉಗುರಿನಲ್ಲಿ ನವಿರಾಗಿ ಬಿಡಿಸಿ, ಗಾಯದ ಪಟ್ಟಿ ಕೀಳುವಾಗ ಊದುವಂತೆ ಅಲ್ಲೊಮ್ಮೆ ಊದಿದರು. "ಬುಡು ಮಗ" ಎಂದರು. "ಫೈನಲ್ಲು ಮುಂದಿನ ವರ್ಷಾನೂ ಇರ್ತದೆ. ಮಗಿನ ಭಾನ್ವಾರ ಎಲ್ಲಿಂದ ತರಾನ? ಒಪ್ಕೊ."

ನಂಜೇಶ ಒಪ್ಪಿಕೊಂಡ. ಯಾರ ಮುಖವನ್ನೂ ನೋಡದೆ ಹೊರಗೆ ನಡೆದ. ಚಂದ್ರಕಲಾ ಹಿಂದೆಯೇ ಹೋದಳು, ಹತ್ತು ಮಾರು ದೂರ ಬಿಟ್ಟುಕೊಂಡು.

ಕಲಿಗಳ ಉಳಿದ ಹುಡುಗರೆಲ್ಲ ಅಂದೇ ಸಂಜೆ ಸರತಿಯಲ್ಲಿ ಬಂದು, ಬಾಯಿ ಮುಕ್ಕಳಿಸಿ, ಸರಿಯಾಗಿ ಉಸಿರು ಕೊಟ್ಟು ಹೋದರು. ಒಬ್ಬನಂತೂ ವಾರಿಜಮ್ಮನ ಮುಂದೆ ನಾಲಿಗೆ ಚಾಚಿ ತೋರಿಸಿ, "ನೋಡ್ಕಳಿ ಅಜ್ಜಿ, ಏನೂ ಇಲ್ಲ" ಎಂದ. ಅವರು ನೋಡಿದರು, ನಕ್ಕರು. ಸಮಿತಿ ಮರಿಗೌಡರಿಗೆ ದಂಡ ಹಾಕಿತು. ನಿಯಮವನ್ನು ಖಾಯಂ ಮಾಡುವಾಗ ಅಂಕಯ್ಯನವರು ಸೊಟ್ಟ ಬೆರಳಿನ ಕೈಯನ್ನೇ ಮೊದಲು ಎತ್ತಿದರು. ಇನ್ನು ಮೇಲೆ ಮೂಲ ಉಸಿರನ್ನು ಆಟಗಾರನ ಮನೆಯಲ್ಲಿ, ಮನೆಯವರ ಎದುರಿಗೇ ತೆಗೆದುಕೊಳ್ಳತಕ್ಕದ್ದು ಎಂದೂ ಸೇರಿಸಿದರು. ಮನೆಯವರ ಕಿವಿ ತಪ್ಪಿಸಿ ಯಾರೂ ತೊದಲಲಾರರು ಎಂದು ಅವರ ವಾದ.

ಮರುದಿನ, ಭಾನುವಾರದ ಫೈನಲ್ಲಿನಲ್ಲಿ ಗದ್ದಲಕ್ಕೂ ದೀಪಗಳಿಗೂ ಹೆದರಿ ನಂಜೇಶ ನಿಯಂತ್ರಣ ಕೊಠಡಿಯ ಮೂಲೆಯಲ್ಲಿ ಕೂತ. ನಸೀಮಾ ತನ್ನ ಕಣ್ಣಿಗೆ ಕಷ್ಟವಾದರೂ ಪರದೆಗಳನ್ನೆಲ್ಲ ಮಂಕು ಮಾಡಿದಳು. ಸ್ಪೀಕರ್ ಮುಚ್ಚಿ, ಸ್ಕೋರನ್ನು ಆಗಾಗ ಅವನ ಕಿವಿಯಲ್ಲಿ ಪಿಸುಗುಟ್ಟಿದಳು. ಅವನ ಜಾಗಕ್ಕೆ ಇಳಿದ ಹುಡುಗ ಚೆನ್ನಾಗಿಯೇ ಆಡಿದ. ಆದರೂ ಕೊನೆಯ ರೈಡಿನಲ್ಲಿ ಒಂದೇ ಅಂಕಕ್ಕೆ ಕಲಿಗಳು ಸೋತರು. ನಂಜೇಶ ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡ. ವಾರಿಜಮ್ಮ ಅವನ ಬೆನ್ನಿನ ಮೇಲೆ ಕೈಯಿಟ್ಟು ಕೂತರು. ಅಳಲು ಅವನಿಗೆ ಜೀವವಿದೆಯಲ್ಲ, ಅದಕ್ಕೆ ಯಾರಿಗೆ ಕೈಮುಗಿಯಲಿ ಎಂದು ಅವರ ಮನಸ್ಸು ಹುಡುಕುತ್ತಿತ್ತು.

ಆಮೇಲೆ ಅವರು ಹಿಂಬಾಗಿಲಿಂದ ಹೊರಬಂದರೆ, ಊಟದ ಮನೆಯ ಮೆಟ್ಟಿಲ ಮೇಲೆ ಚಂದ್ರಕಲಾ ಒಬ್ಬಳೇ ಕೂತಿದ್ದಳು. ಇಂಚರ ತೊಡೆಯ ಮೇಲೆ ನಿದ್ದೆಹೋಗಿದ್ದಳು.

"ಊಟ ಮಾಡಮ್ಮ" ಎಂದರು ವಾರಿಜಮ್ಮ.

"ಸೇರಲ್ಲ ಮೇಡಮ್ಮೋರೆ. ನಿನ್ನೆಯಿಂದ ಒಂದ್ ಮಾತಾಡಿಲ್ಲ ಅವ್ರು. ಬೆನ್ನಿಗೆ ಚೂರಿ ಹಾಕ್ದೆ ಅನ್ಕೊಂಡವ್ರೆ. ಅನ್ಕೊಳ್ಲಿ ಬುಡಿ. ಬದ್ಕಿದ್ದು ಅನ್ಕೊಳ್ಲಿ."

ಒಳಗೆ ಸೋತ ಹುಡುಗರು ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು. ಅಡುಗೆಯವರು ಗೆದ್ದವರಿಗೆ ಬಡಿಸಿದಷ್ಟೇ ಧಾರಾಳವಾಗಿ ಇವರಿಗೂ ಬಡಿಸುತ್ತಿದ್ದರು. ಸಾಲಿನ ಕೊನೆಯಲ್ಲಿ ಕಪ್ಪು ಕನ್ನಡಕದ ನಂಜೇಶ. ಅವನಿಗೆ ದಾರಿ ಬಿಟ್ಟು ಹುಡುಗರು ಅವನನ್ನು ಮುಂದೆ ಕಳಿಸಿದರು. ಬಿಸಿ ಮುದ್ದೆ, ಅವರೆಕಾಳಿನ ಸಾರು, ಅಂಚಿಗೆ ಒಂದು ಈರುಳ್ಳಿ ಹೋಳು ಹಾಕಿಸಿಕೊಂಡು ಅವನು ಹೊರಗೆ ಬಂದ. ಬೆಳಕಿಗೆ ಕಣ್ಣು ಕಿರಿದು ಮಾಡಿ, ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲಿಳಿದ.

ಚಂದ್ರಕಲಾ ತಲೆಯೆತ್ತಲಿಲ್ಲ. ಅವನು ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು, ಬಗ್ಗಿ, ಎಚ್ಚರವಾಗದಂತೆ ಮಗುವನ್ನು ಅವಳ ತೊಡೆಯಿಂದ ತನ್ನ ಹೆಗಲಿಗೆ ಎತ್ತಿಕೊಂಡ. ಆಮೇಲೆ ತಟ್ಟೆಯನ್ನು ತೆಗೆದು, ಬಿಡುವಾದ ಅವಳ ಎರಡೂ ಕೈಗಳಿಗೆ ಕೊಟ್ಟ.